ಶಾಸನ ಬರೆಯುವ ಕೈ

ಮುನಸೀಫನ ಪೀಠದಲ್ಲಿ ಕುಳಿತುಕೊಳ್ಳುವವನು ಕಾನೂನಿನ ಪದವಿ ಪಡೆದಿರಬೇಕು. ಆ ಪೀಠದ ಮುಂದೆ ನಿಂತು ವಾದಿಸುವವನಿಗೆ ಪದವಿಯ ಜೊತೆಗೆ ಸನ್ನದೂ ಬೇಕು. ಅದೇ ಕಾನೂನನ್ನು ಕಚೇರಿಯಲ್ಲಿ ಜಾರಿಗೆ ತರುವ ಗುಮಾಸ್ತನೂ ಒಂದು ಪರೀಕ್ಷೆಯನ್ನು ದಾಟಿಯೇ ಬಂದಿರಬೇಕು. ಆದರೆ ಈ ಮೂವರೂ ತಲೆಬಾಗಬೇಕಾದ ಕಾನೂನನ್ನು ನಿರ್ಮಿಸುವ ಮಹನೀಯನಿಗೆ ವಿದ್ಯೆಯ ನಿಬಂಧನೆ ಯಾವುದೂ ಇಲ್ಲ. ಭಾರತದ ಪೌರನಾಗಿದ್ದು, ಲೋಕಸಭೆಗಾದರೆ 25, ರಾಜ್ಯಸಭೆಗಾದರೆ 30 ವರ್ಷ ತುಂಬಿದವನು ಉಮೇದುವಾರನಾಗಿ ನಿಲ್ಲಬಹುದು. ಅವನ ಯೋಗ್ಯತೆಯ ವಿಚಾರವನ್ನು ಸಂವಿಧಾನವು ಮತದಾರನ ವಿವೇಕಕ್ಕೆ ಬಿಟ್ಟಿದೆ.

ಈ ವೈಚಿತ್ರ್ಯವು ಸಂವಿಧಾನ ರಚಿಸಿದವರ ಕಣ್ಣು ತಪ್ಪಿಸಿತೆಂದು ಯಾರೂ ತಿಳಿಯಬೇಕಾಗಿಲ್ಲ. 1949ರ ನವೆಂಬರ್ 26ರಂದು ಸಂವಿಧಾನ ಸಭೆಯ ಅಧ್ಯಕ್ಷರಾಗಿದ್ದ ಬಾಬು ರಾಜೇಂದ್ರ ಪ್ರಸಾದರು ತಮ್ಮ ಸಮಾರೋಪ ಭಾಷಣದಲ್ಲಿ ಎರಡು ವಿಷಾದಗಳನ್ನು ತೋಡಿಕೊಂಡರು. ಅವುಗಳಲ್ಲಿ ಒಂದು, ಸಂವಿಧಾನವು ಮೊದಲಿಗೆ ಭಾರತೀಯ ಭಾಷೆಯೊಂದರಲ್ಲಿ ರಚಿತವಾಗಲಿಲ್ಲವೆಂಬುದು. ಇನ್ನೊಂದು, ಶಾಸಕರಿಗೆ ಯಾವ ಅರ್ಹತೆಯನ್ನೂ ಗೊತ್ತುಪಡಿಸಲಾಗಲಿಲ್ಲವೆಂಬುದು. ಸ್ವತಃ ಹೆಸರಾಂತ ವಕೀಲರಾಗಿದ್ದ ಅವರು, ಶಾಸಕನಿಗೆ ಕಾನೂನಿನ ಪದವಿ ಇರಬೇಕೆಂದು ಕೇಳಲಿಲ್ಲ. ಬುದ್ಧಿಬಲಕ್ಕಿಂತಲೂ ಮಿಗಿಲಾಗಿ ತೂಗಿ ನೋಡುವ ಸಾಮರ್ಥ್ಯ, ಸ್ವತಂತ್ರವಾಗಿ ವರ್ತಿಸುವ ಧೈರ್ಯ, ಶೀಲ ಇವು ಬೇಕೆಂದರು. ಇಂಥ ಗುಣಗಳನ್ನು ಅಳೆಯುವ ಮಾನದಂಡ ಯಾರ ಬಳಿಯೂ ಇಲ್ಲವಾದ ಕಾರಣ ಆ ಕೊರತೆ ಹಾಗೆಯೇ ಉಳಿಯಿತು.

ವಿಶೇಷವೆಂದರೆ, ನಿಬಂಧನೆ ಇಲ್ಲದಿದ್ದರೂ ಅಂದಿನ ಸಭೆಗಳು ವಕೀಲರಿಂದಲೇ ತುಂಬಿದ್ದವು. ಗಾಂಧೀಜಿ, ಪಟೇಲರು, ನೆಹರೂ, ರಾಜಾಜಿ, ಅಂಬೇಡ್ಕರ್ ಇವರೆಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಕಪ್ಪು ಕೋಟು ತೊಟ್ಟವರೇ. 1952ರಲ್ಲಿ ಕೂಡಿದ ಮೊದಲ ಲೋಕಸಭೆಯಲ್ಲಿ ನೂರಕ್ಕೆ ಸುಮಾರು 36 ಮಂದಿ ವಕೀಲರಿದ್ದರು. ಬೇಸಾಯಗಾರರ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆಯಾಗಿತ್ತು. 2024ರಲ್ಲಿ ಚುನಾಯಿತವಾದ ಹದಿನೆಂಟನೆಯ ಲೋಕಸಭೆಯಲ್ಲಿ ವಕೀಲರೂ ನ್ಯಾಯಾಧೀಶರಾಗಿದ್ದವರೂ ಸೇರಿ ನೂರಕ್ಕೆ ಸುಮಾರು 7 ಮಂದಿ ಮಾತ್ರ ಇದ್ದಾರೆ. ಎಪ್ಪತ್ತು ವರ್ಷಗಳಲ್ಲಿ ನಡೆದ ಈ ಮಾರ್ಪಾಟಿನಿಂದ ನಮಗೆ ಲಾಭವಾಯಿತೆ, ನಷ್ಟವಾಯಿತೆ? ಈ ಪ್ರಶ್ನೆಯನ್ನು ದೆಹಲಿಯಲ್ಲಿ ಕುಳಿತು ಕೇಳುವುದಕ್ಕಿಂತ ತುಂಗಭದ್ರೆಯ ದಂಡೆಯಲ್ಲಿ ನಿಂತು ಕೇಳುವುದು ಲೇಸು. ಏಕೆಂದರೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳಷ್ಟು ಪಾರ್ಲಿಮೆಂಟಿನ ಕಾಯಿದೆಗಳ ಬಿಸಿಯನ್ನೂ ತಂಪನ್ನೂ ಉಂಡ ಪ್ರದೇಶಗಳು ನಾಡಿನಲ್ಲಿ ಹೆಚ್ಚಿಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೊಸಪೇಟೆ, ಹಂಪಿಗಳು ಒಂದು ಜಿಲ್ಲೆಗೂ ಸಂಡೂರು, ಕಂಪ್ಲಿಗಳು ಇನ್ನೊಂದು ಜಿಲ್ಲೆಗೂ ಸೇರಿದವು. ಆದರೂ ಈ ನಾಲ್ಕೂ ಊರುಗಳ ಮತದಾರರು ಲೋಕಸಭೆಗೆ ಕಳುಹಿಸುವ ಪ್ರತಿನಿಧಿ ಒಬ್ಬನೇ.

ವಕೀಲರು ಅಷ್ಟೊಂದು ಸಂಖ್ಯೆಯಲ್ಲಿ ರಾಜಕೀಯಕ್ಕೆ ಬಂದದ್ದೇಕೆ ಎಂಬುದನ್ನು ಮೊದಲು ನೋಡೋಣ. ಮದರಾಸು ಆಧಿಪತ್ಯದ ಕಾಲದ ಬಳ್ಳಾರಿ ಈ ಮಾತಿಗೆ ಒಳ್ಳೆಯ ನಿದರ್ಶನ. 1885ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಪ್ರಥಮ ಅಧಿವೇಶನ ನೆರೆದಾಗ ಬಳ್ಳಾರಿಯಿಂದ ಹೋದ ಪ್ರತಿನಿಧಿಗಳಲ್ಲಿ ವಕೀಲ ಕೋಲಾಚಲಂ ವೆಂಕಟರಾಯರೂ ಒಬ್ಬರು. ಅದೇ ಊರಿನ ಕೋಲಾಚಲಂ ಶ್ರೀನಿವಾಸರಾಯರು, ಧರ್ಮವರಂ ರಾಮಕೃಷ್ಣಮಾಚಾರ್ಯರು ಹಗಲು ಕೋರ್ಟಿನಲ್ಲಿ ವಾದಿಸಿ, ಬಿಡುವಿನಲ್ಲಿ ನಾಟಕ ಬರೆದರು. ಮಹಾನಟ ಬಳ್ಳಾರಿ ರಾಘವರೂ ವೃತ್ತಿಯಿಂದ ನ್ಯಾಯವಾದಿಗಳು. ಸರ್ಕಾರದ ಸಂಬಳವಿಲ್ಲದೆ ಬದುಕಬಲ್ಲವನು, ಇಂಗ್ಲಿಷಿನಲ್ಲಿ ಬರೆದ ಕಾಯಿದೆಯನ್ನು ಓದಬಲ್ಲವನು, ಜನರೆದುರು ನಿಂತು ಮಾತನಾಡಬಲ್ಲವನು, ಅಂದಿನ ಜಿಲ್ಲಾ ಪಟ್ಟಣದಲ್ಲಿ ಹೆಚ್ಚಾಗಿ ವಕೀಲನೊಬ್ಬನೇ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1919ರ ತನ್ನ ಉಪನ್ಯಾಸವೊಂದರಲ್ಲಿ ಇದಕ್ಕೆ ಇನ್ನೊಂದು ಕಾರಣ ಕೊಟ್ಟಿದ್ದಾನೆ. ಕಾರ್ಖಾನೆಯ ಯಜಮಾನನಾಗಲಿ ವೈದ್ಯನಾಗಲಿ ತನ್ನ ಕೆಲಸವನ್ನು ತಿಂಗಳುಗಟ್ಟಲೆ ಬಿಟ್ಟು ಬರಲಾರ. ವಕೀಲನಾದರೋ ಬಿಟ್ಟು ಬರಬಲ್ಲ, ಸೋತರೆ ಮರಳಿ ಹೋಗಬಲ್ಲ. ಅಮೆರಿಕದಲ್ಲಿ ಇಂದಿಗೂ ಸೆನೆಟ್ಟಿನ ಅರ್ಧದಷ್ಟು ಸದಸ್ಯರು ಕಾನೂನು ಓದಿದವರಾಗಿರುವುದಕ್ಕೆ ಇಂಥ ಕಾರಣಗಳೇ ಇರಬೇಕು.

ನಮ್ಮ ರಾಜ್ಯದ ಚರಿತ್ರೆಯೂ ಬೇರೆ ಬಗೆಯದಲ್ಲ. 1947ರಿಂದ 1971ರವರೆಗೆ ಮುಖ್ಯಮಂತ್ರಿಗಳಾದ ಕೆ. ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ ಮಂಜಪ್ಪ, ಎಸ್. ನಿಜಲಿಂಗಪ್ಪ, ಬಿ. ಡಿ. ಜತ್ತಿ, ಎಸ್. ಆರ್. ಕಂಠಿ, ವೀರೇಂದ್ರ ಪಾಟೀಲ ಈ ಏಳೂ ಮಂದಿ ಕಾನೂನು ಓದಿದವರು. ಇವರಲ್ಲಿ ನಿಜಲಿಂಗಪ್ಪನವರು ಹುಟ್ಟಿದ ಹಲುವಾಗಲು ಈ ಸೀಮೆಯದೇ ಹಳ್ಳಿ. ಸಂವಿಧಾನ ಸಭೆಯಲ್ಲಿಯೂ ಮೊದಲ ಲೋಕಸಭೆಯಲ್ಲಿಯೂ ಕುಳಿತಿದ್ದ ವಕೀಲರು ಅವರು.

ಆದರೆ ಬಳ್ಳಾರಿಯ ಲೋಕಸಭಾ ಕ್ಷೇತ್ರವು ವಕೀಲರಿಗೆ ಅಷ್ಟಾಗಿ ಒಲಿದಂತೆ ಕಾಣುವುದಿಲ್ಲ. 1952ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಟೇಕೂರು ಸುಬ್ರಹ್ಮಣ್ಯಂ ಅವರನ್ನು ಆರಿಸಿದ ಕ್ಷೇತ್ರ 1967ರಲ್ಲಿಯೂ 1971ರಲ್ಲಿಯೂ ಅರ್ಥಶಾಸ್ತ್ರದ ಆಚಾರ್ಯರಾದ ವಿ. ಕೆ. ಆರ್. ವಿ. ರಾಯರನ್ನು ಆರಿಸಿತು. 1984ರಿಂದ ಮೂರು ಬಾರಿ ಬಸವರಾಜೇಶ್ವರಿಯವರು ಗೆದ್ದರು. ನ್ಯಾಯವಾದಿ ವಿ. ಎಸ್. ಉಗ್ರಪ್ಪನವರು 2018ರ ಉಪಚುನಾವಣೆಯಲ್ಲಿ ಗೆದ್ದರೂ ಅವರಿಗೆ ದೊರೆತದ್ದು ಕೆಲವೇ ತಿಂಗಳ ಅವಧಿ. ಸಂಡೂರಿನಿಂದ ವಿಧಾನಸಭೆಗೆ ಹಲವು ಬಾರಿ ಹೋದ ಎಂ. ವೈ. ಘೋರ್ಪಡೆಯವರು ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿ ರಾಜ್ಯದ ಹಣಕಾಸಿನ ಮಂತ್ರಿಯಾದವರು. ಹಡಗಲಿಯಲ್ಲಿ ವಕೀಲಿ ನಡೆಸಿ ವಿಧಾನಸಭೆಗೆ ಬಂದ ಎಂ. ಪಿ. ಪ್ರಕಾಶರನ್ನು ಜನ ನೆನೆಯುವುದು ಹೆಚ್ಚಾಗಿ ರಂಗಭೂಮಿ, ಸಾಹಿತ್ಯಗಳ ಗೆಳೆಯರೆಂದು.

ವಕೀಲರ ಸಂಖ್ಯೆ ಇಳಿದುದಕ್ಕೆ ಮರುಗಬೇಕಾಗಿಲ್ಲವೆಂಬ ವಾದವೂ ಬಲವಾದದ್ದೇ. ಮೊದಲ ಸಭೆಗಳಿಗೆ ಬಂದ ವಕೀಲರು ಯಾರು? ಇಂಗ್ಲಿಷ್ ವಿದ್ಯೆ ಮೊದಲು ತಲಪಿದ ಕೆಲವೇ ಜಾತಿಗಳವರು, ಪಟ್ಟಣವಾಸಿಗಳು, ಪ್ರಾಯಶಃ ಎಲ್ಲರೂ ಗಂಡಸರು. ಉಳುವವನ ಮಗ, ಬೇಡರ ಹಟ್ಟಿಯಿಂದ ಬಂದವನು, ಮನೆಯ ಹೊಸಿಲು ದಾಟಿ ಬಂದ ಹೆಣ್ಣುಮಗಳು ಸಭೆಗೆ ಬಂದರೆ, ಹಿಂದೆ ಕುಳಿತಿದ್ದ ಕೆಲವರು ಎದ್ದು ಜಾಗ ಬಿಡಲೇಬೇಕಲ್ಲವೆ? ವಯಸ್ಕ ಮತದಾನದ ಅರ್ಥವೇ ಅದು. ಅಲ್ಲದೆ ನಮ್ಮ ಜನ ವಕೀಲನನ್ನು ಗೌರವಿಸಿದಂತೆಯೇ ಅವನಿಗೆ ಅಂಜಿದ್ದೂ ಉಂಟು. ಕೋರ್ಟಿಗೆ ಹೋದವರಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಈ ಅಂಜಿಕೆಯನ್ನೇ ಶಾಸನದ ಕಲಮನ್ನಾಗಿ ಮಾಡಿದ ಪ್ರಸಂಗವೊಂದು ನಮ್ಮಲ್ಲಿ ನಡೆಯಿತು. 1972ರಲ್ಲಿ ಮುಖ್ಯಮಂತ್ರಿಯಾದ ದೇವರಾಜ ಅರಸರು ವಕೀಲರಲ್ಲ, ಬೇಸಾಯಗಾರರು. ಅವರ ಸರ್ಕಾರದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಗೇಣಿದಾರರ ಅರ್ಜಿಗಳನ್ನು ತೀರ್ಮಾನಿಸುವ ಭೂ ನ್ಯಾಯಮಂಡಳಿಗಳ ಮುಂದೆ ವಕೀಲರು ಹಾಜರಾಗಕೂಡದೆಂದು ವಿಧಿಸಲಾಗಿತ್ತು. ಉದ್ದೇಶ ಸ್ಪಷ್ಟವೇ ಆಗಿತ್ತು: ವಕೀಲನನ್ನು ಹಿಡಿಯಬಲ್ಲ ಭೂಮಾಲಿಕನ ಎದುರು, ಹಿಡಿಯಲಾರದ ಗೇಣಿದಾರ ನಷ್ಟಕ್ಕೆ ಗುರಿಯಾಗಬಾರದು. ಲಕ್ಷಾಂತರ ಗೇಣಿದಾರರ ಪಾಲಿಗೆ ಆ ಕಾಯಿದೆ ಹೊಸ ಬಾಳನ್ನೇ ತಂದಿತು. 1987ರಲ್ಲಿ ಸುಪ್ರೀಂ ಕೋರ್ಟು ಆ ಸುಧಾರಣೆಯನ್ನು ಎತ್ತಿಹಿಡಿಯಿತು. ಆದರೆ ವಕೀಲರನ್ನು ದೂರವಿಟ್ಟ ಕಲಮನ್ನು ಮಾತ್ರ ಅಸಿಂಧುಗೊಳಿಸಿತು. ವಕೀಲರು ಎಲ್ಲಿ ವಾದಿಸಬಹುದೆಂಬುದು ಪಾರ್ಲಿಮೆಂಟಿನ ಅಧಿಕಾರಕ್ಕೆ ಸೇರಿದ ವಿಷಯ. ರಾಜ್ಯದ ಶಾಸನಸಭೆ ಅದರಲ್ಲಿ ಕೈಹಾಕುವಂತಿಲ್ಲ ಎಂಬುದೇ ಅದಕ್ಕೆ ಕಾರಣ. ಈ ಒಂದು ಪ್ರಸಂಗದಲ್ಲಿ ಎರಡು ಪಾಠಗಳಿವೆ. ಕಾಲದ ಅಗತ್ಯವನ್ನು ಅರಿಯಲು ವಕೀಲನೇ ಆಗಬೇಕೆಂದಿಲ್ಲ. ಅರಿತದ್ದನ್ನು ನಿಲ್ಲುವಂತೆ ಬರೆಯಲು ಮಾತ್ರ ತನ್ನ ಅಧಿಕಾರದ ಎಲ್ಲೆ ಎಲ್ಲಿದೆಯೆಂದು ತಿಳಿದಿರಬೇಕು.

ಹಾಗಾದರೆ ಕಾನೂನಿನ ಶಿಕ್ಷಣವು ಶಾಸಕನಿಗೆ ಕೊಡುವುದಾದರೂ ಏನು? ಕಲಮುಗಳ ಕಂಠಪಾಠವನ್ನಂತೂ ಅಲ್ಲ. ಅದಕ್ಕೆ ಕಾರ್ಯದರ್ಶಿಗಳಿದ್ದಾರೆ, ಗ್ರಂಥಾಲಯಗಳಿವೆ. ಒಳ್ಳೆಯ ವಕೀಲ ಕಲಿಯುವುದು ಕೆಲವು ಅಭ್ಯಾಸಗಳನ್ನು. ಎಲ್ಲೆಯ ಅರಿವು ಅವುಗಳಲ್ಲಿ ಒಂದು. ಇನ್ನೊಂದು, ತೀರ್ಪಿಗೆ ಮುನ್ನ ಎದುರು ಪಕ್ಷವನ್ನೂ ಕೇಳುವ ಅಭ್ಯಾಸ.

ಎದುರು ಪಕ್ಷವನ್ನು ಕೇಳದೆ ಹೋದರೆ ಏನಾದೀತೆಂಬುದು ಕಂಪ್ಲಿಯ ಜನಕ್ಕೆ ಯಾರೂ ಹೇಳಬೇಕಾದ್ದಿಲ್ಲ. ಕಂಪಿಲರಾಯನ ಮಗ ಕುಮಾರರಾಮನ ಕಥೆಯನ್ನು ಕವಿಗಳೂ ಜನಪದ ಹಾಡುಗಾರರೂ ಶತಮಾನಗಳಿಂದ ಹೇಳುತ್ತ ಬಂದಿದ್ದಾರೆ. ಮಲತಾಯಿ ರತ್ನಾಜಿ ಹೊರಿಸಿದ ಆರೋಪವನ್ನು ಕೇಳಿದೊಡನೆ ಅರಸ ಮಗನ ತಲೆ ತೆಗೆಯಲು ಆಜ್ಞೆಯಿತ್ತ. ಮಗನನ್ನು ಕರೆದು ಒಂದು ಮಾತು ಕೇಳಲಿಲ್ಲ. ಮಂತ್ರಿ ಬೈಚಪ್ಪ ರಾಮನನ್ನು ಗುಟ್ಟಾಗಿ ಅಡಗಿಸಿಡದಿದ್ದರೆ, ದೆಹಲಿಯ ಸೈನ್ಯ ಬಂದಾಗ ಕೋಟೆಯನ್ನು ಕಾಯಲು ರಾಜ್ಯಕ್ಕೆ ವೀರನೇ ಇರುತ್ತಿರಲಿಲ್ಲವೆಂದು ಕಥೆ ಹೇಳುತ್ತದೆ. ಕಥೆಯಲ್ಲಿ ಚರಿತ್ರೆ ಎಷ್ಟು, ಕಲ್ಪನೆ ಎಷ್ಟು ಎಂಬ ವಿಚಾರ ವಿದ್ವಾಂಸರದು. ವಿಚಾರಣೆಯಿಲ್ಲದ ಆಜ್ಞೆ ಎಷ್ಟು ಕುರುಡಾದದ್ದೆಂಬ ತಿಳಿವನ್ನಂತೂ ಜನರು ಅದರಲ್ಲಿ ಕಾಪಾಡಿಕೊಂಡು ಬಂದಿದ್ದಾರೆ.

ಇದಕ್ಕೆ ಪ್ರತಿಯಾದ ನಿದರ್ಶನವನ್ನು ಹಂಪಿಯ ಅರಸನೇ ಒದಗಿಸಿದ್ದಾನೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿ, ಆನೆಗೊಂದಿ ಮೊದಲಾದ ಪಟ್ಟಣಗಳ ಜೈನರು ಬುಕ್ಕರಾಯನಲ್ಲಿ ದೂರಿತ್ತರು. ಆತ ಎರಡೂ ಕಡೆಯ ಮುಖ್ಯರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಭೇದವಿಲ್ಲವೆಂದು ತೀರ್ಪಿತ್ತು, ಅದನ್ನು ಕಲ್ಲಿನಲ್ಲಿ ಕೆತ್ತಿಸಿದ. ಶ್ರವಣಬೆಳಗೊಳದಲ್ಲಿ ಆ ಶಾಸನ ಇಂದಿಗೂ ಇದೆ. ಅದರ ಭಾಷೆ ಕನ್ನಡ. ಯಾರಿಗೆ ಅನ್ವಯಿಸುತ್ತದೆಯೋ ಅವರಿಗೆ ತಿಳಿಯುವಂತೆ ಶಾಸನವಿರಬೇಕೆಂಬ ಪರಿಜ್ಞಾನ ಅದರಲ್ಲಿದೆ. ರಾಜೇಂದ್ರ ಪ್ರಸಾದರ ಇನ್ನೊಂದು ವಿಷಾದವನ್ನು ಇಲ್ಲಿ ನೆನೆದರೆ ತಪ್ಪಾಗಲಾರದು.

ವಕೀಲ ಕಲಿಯುವ ಮತ್ತೊಂದು ಅಭ್ಯಾಸ, ಮಾತನ್ನು ಅಳೆದು ನೋಡುವುದು. ಕಾಯಿದೆಯಲ್ಲಿ ಒಂದು ಪದ, ಒಂದು ಅಂಕೆ ಮನೆಗಳನ್ನು ಕಟ್ಟಬಲ್ಲುದು, ಕೆಡವಬಲ್ಲುದು. ಪ್ರಾಚೀನ ಸ್ಮಾರಕಗಳ 1958ರ ಕಾಯಿದೆಯನ್ನು ಪಾರ್ಲಿಮೆಂಟು 2010ರಲ್ಲಿ ತಿದ್ದಿ, ಸಂರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರಿನವರೆಗೆ ಹೊಸ ಕಟ್ಟಡವನ್ನು ನಿಷೇಧಿಸಿತು. ಅದರಾಚೆಗಿನ 200 ಮೀಟರಿನಲ್ಲಿ ಅನುಮತಿ ಕಡ್ಡಾಯವಾಯಿತು. ಬಯಲ ನಡುವೆ ಒಂಟಿಯಾಗಿ ನಿಂತ ಗೋಪುರವೊಂದಕ್ಕೆ ಈ ಅಳತೆ ಸರಳವಾದದ್ದು. ಆದರೆ ಹಂಪಿಯಲ್ಲಿ 1600ಕ್ಕೂ ಹೆಚ್ಚು ಅವಶೇಷಗಳಿವೆ. ಅವುಗಳ ನಡುವೆಯೇ ಬಾಳೆ, ಕಬ್ಬು, ಭತ್ತದ ಗದ್ದೆಗಳಿವೆ, ಕಮಲಾಪುರದಂಥ ಜನವಸತಿಗಳಿವೆ. ಸಂರಕ್ಷಿತ ಸ್ಮಾರಕದ ಎಲ್ಲೆಗೆ ಸಮೀಪದ ಮನೆಯ ದುರಸ್ತಿಗೂ ಇಲ್ಲಿ ಅರ್ಜಿ ಬೇಕು. ಸ್ಮಾರಕಗಳನ್ನು ಕಾಪಾಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ದೇಶಕ್ಕೆಲ್ಲ ಒಂದೇ ಅಂಕೆಯನ್ನು ಬರೆಯುವಾಗ, ಇಡೀ ಊರೇ ಸ್ಮಾರಕವಾಗಿರುವ ಕಡೆ ಅದು ಹೇಗೆ ಅನ್ವಯವಾದೀತೆಂದು ಸಭೆಯಲ್ಲಿ ಎದ್ದು ಕೇಳುವವರು ಬೇಕೆಂಬುದಷ್ಟೇ ನಮ್ಮ ಮಾತು. ವಿರೂಪಾಕ್ಷನ ಎದುರಿನ ಬೀದಿಯ ಕಲ್ಲು ಮಂಟಪಗಳಲ್ಲಿ ನೆಲೆಸಿದ್ದ ಸಂಸಾರಗಳನ್ನು 2011ರ ಜುಲೈಯಲ್ಲಿ ತೆರವುಗೊಳಿಸಿದಾಗ, ಪರಂಪರೆ ಎಂದರೆ ಕಲ್ಲೊಂದೇ ಅಥವಾ ಜನರೂ ಸೇರಿದೆಯೇ ಎಂಬ ಪ್ರಶ್ನೆ ಎದ್ದಿತು. ಇಂಥ ಪ್ರಶ್ನೆ ಏಳಬೇಕಾದದ್ದು ಮಸೂದೆ ಸಭೆಯ ಮುಂದಿರುವಾಗ. ಗೋಡೆ ಉರುಳಿದ ಮೇಲಲ್ಲ.

ಸಂಡೂರಿನ ಕಥೆ ಇದಕ್ಕಿಂತಲೂ ಕಠಿಣವಾದದ್ದು. ಅಲ್ಲಿಯ ಅದಿರಿನ ಒಡೆತನ ರಾಜ್ಯದ್ದಾದರೂ, ಗಣಿ ಮತ್ತು ಖನಿಜಗಳ 1957ರ ಕೇಂದ್ರ ಕಾಯಿದೆಯೇ ಅದರ ರಾಜಧನದ ದರವನ್ನು ಕಟ್ಟಿಹಾಕಿದೆ. ಆ ದರ ಕಾಯಿದೆಯ ಕೊನೆಗೆ ಅಂಟಿಸಿದ ಅನುಸೂಚಿಯಲ್ಲಿದೆ. ಅದನ್ನು ತಿದ್ದುವ ಅಧಿಕಾರವನ್ನು ಪಾರ್ಲಿಮೆಂಟು ಕೇಂದ್ರ ಸರ್ಕಾರಕ್ಕೆ ಬಿಟ್ಟುಕೊಟ್ಟಿದೆ, ಮೂರು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಏರಿಸಕೂಡದೆಂದೂ ಹೇಳಿದೆ. ಈ ಶತಮಾನದ ಆರಂಭದಲ್ಲಿ ಚೀನದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಗಗನಕ್ಕೇರಿತು. ಆಗಲೂ ರಾಜಧನವು ಟನ್ನಿಗೆ ಕೆಲವು ರೂಪಾಯಿಗಳ ಲೆಕ್ಕದಲ್ಲಿಯೇ ಉಳಿದಿತ್ತು. ಬೆಲೆಗೆ ನೂರಕ್ಕೆ 10ರಂತೆ ಎಂಬ ಮಾತು ಅನುಸೂಚಿಗೆ ಬಂದದ್ದು 2009ರ ಆಗಸ್ಟಿನಲ್ಲಿ. 'ಟನ್ನಿಗೆ' ಎಂಬುದಕ್ಕೂ 'ನೂರಕ್ಕೆ' ಎಂಬುದಕ್ಕೂ ಇರುವ ಅಂತರದಲ್ಲಿ ಬೊಕ್ಕಸಕ್ಕೆ ಬರಬೇಕಾದ ಎಷ್ಟೋ ಹಣ ಜಾರಿಹೋಯಿತು. ಲಾರಿಗಳ ಕೆಂಪು ಧೂಳು ಮಾತ್ರ ಸಂಡೂರಿನ ಹೊಲಗಳ ಮೇಲೆ, ಮನೆಗಳ ಮೇಲೆ ಕುಳಿತಿತು. ಅಕ್ರಮ ಗಣಿಗಾರಿಕೆಯ ಮೇಲಿನ ಲೋಕಾಯುಕ್ತ ವರದಿ, 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟು ನಿಲ್ಲಿಸಿದ್ದು, 2013ರ ಏಪ್ರಿಲಿನ ತೀರ್ಪು ಇವೆಲ್ಲ ಜನಕ್ಕೆ ನೆನಪಿವೆ. ಗಣಿಯಿಂದ ಬಾಧಿತರಾದವರಿಗೆ ಒಂದು ಪಾಲು ಸಲ್ಲಬೇಕೆಂದು ಜಿಲ್ಲಾ ಖನಿಜ ನಿಧಿಯನ್ನು ಪಾರ್ಲಿಮೆಂಟು ಕಾಯಿದೆಯಲ್ಲಿ ಸೇರಿಸಿದ್ದು 2015ರಲ್ಲಿ. ಶಾಸಕರು ಅನುಸೂಚಿಯ ಸಣ್ಣಕ್ಷರಗಳನ್ನು ಓದದಿದ್ದರೆ, ಅವರು ಮಾಡಬೇಕಾದ ಕೆಲಸ ನ್ಯಾಯಾಲಯದ ಹೆಗಲಿಗೆ ಬೀಳುತ್ತದೆ. ಅಷ್ಟರಲ್ಲಿ ಬೆಟ್ಟ ಕರಗಿರುತ್ತದೆ.

ಕಾಯಿದೆಯನ್ನು ಮುಂದಾಲೋಚನೆಯಿಂದ ಬರೆದರೆ ಏನಾಗುತ್ತದೆಂಬುದಕ್ಕೆ ಹೊಸಪೇಟೆಯ ಅಣೆಕಟ್ಟೇ ಸಾಕ್ಷಿ. 1945ರಲ್ಲಿ ಮದರಾಸು, ಹೈದರಾಬಾದುಗಳು ಕೂಡಿ ಆರಂಭಿಸಿದ ತುಂಗಭದ್ರಾ ಯೋಜನೆ ಮುಗಿಯುವ ವೇಳೆಗೆ, 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಬೇರೆಯಾಗಿ ಹೊಸಪೇಟೆಯ ಸೀಮೆ ಮೈಸೂರಿಗೆ ಸೇರಿತು. ಒಂದೇ ಅಣೆಕಟ್ಟು, ಹಲವು ಒಡೆಯರು. ಆಂಧ್ರ ರಾಜ್ಯದ ಕಾಯಿದೆಯ 66ನೆಯ ಕಲಮು ಈ ತೊಡಕನ್ನು ಮೊದಲೇ ಊಹಿಸಿ, ರಾಜ್ಯಗಳು ಒಪ್ಪಂದಕ್ಕೆ ಬಾರದಿದ್ದರೆ ಏನಾಗಬೇಕು, ಯೋಜನೆಯ ನಿರ್ವಹಣೆಗೆ ರಾಷ್ಟ್ರಪತಿಗಳು ಹೇಗೆ ನಿರ್ದೇಶನ ಕೊಡಬಹುದು ಎಂಬುದನ್ನು ಬರೆದಿಟ್ಟಿತು. ಅಂದಿನ ಗೃಹಸಚಿವರು ಅಲಹಾಬಾದಿನ ಹಿರಿಯ ನ್ಯಾಯವಾದಿ ಕೈಲಾಸನಾಥ ಕಾಟ್ಜು. ತುಂಗಭದ್ರಾ ಮಂಡಳಿ ಹುಟ್ಟಿದ್ದು ಆ ಕಲಮಿನಿಂದಲೇ. ಮುಂದೆ ಬಚಾವತ್ ನ್ಯಾಯಮಂಡಳಿ ಈ ಯೋಜನೆಯ ನೀರಿನಲ್ಲಿ ಕರ್ನಾಟಕಕ್ಕೆ 138.99, ಆಂಧ್ರಕ್ಕೆ 73.01 ಟಿಎಂಸಿ ಎಂದು ಹಂಚಿತು. ರಾಜ್ಯಗಳು ಜಗಳವಾಡಿವೆ, ಹೂಳು ತುಂಬಿದೆ, 2024ರ ಆಗಸ್ಟಿನಲ್ಲಿ 19ನೆಯ ತೂಬುಬಾಗಿಲೇ ಕೊಚ್ಚಿಹೋಯಿತು. ಆದರೂ ನೀರನ್ನು ಅಳೆದು ಹಂಚುವ ವ್ಯವಸ್ಥೆ ಎಪ್ಪತ್ತು ವರ್ಷಗಳಿಂದ ಮುರಿದುಬಿದ್ದಿಲ್ಲ. ಕಂಪ್ಲಿಯ ಗದ್ದೆಗೆ ನೀರು ಹರಿಯುವಾಗ ಅದರ ಹಿಂದೆ ಒಂದು ಕಲಮು ಇದೆಯೆಂದು ರೈತ ಎಣಿಸಬೇಕಾಗಿಲ್ಲ. ಒಳ್ಳೆಯ ಶಾಸನದ ಲಕ್ಷಣವೇ ಅದು. ಅದು ಕಣ್ಣಿಗೆ ಬೀಳದೆ ಕೆಲಸ ಮಾಡುತ್ತದೆ.

ಇಷ್ಟು ನೋಡಿದ ಮೇಲೆ, ಲೋಕಸಭೆಗೆ ಮತ್ತೆ ವಕೀಲರನ್ನೇ ತುಂಬಬೇಕೆ ಎಂದು ಯಾರಾದರೂ ಕೇಳಬಹುದು. ಬೇಡ. ಸಭೆಯ ಇಂದಿನ ನಿಯಮಗಳಲ್ಲಿ ವಕೀಲನೊಬ್ಬ ಕುಳಿತಿದ್ದರೂ ಹೆಚ್ಚೇನೂ ಮಾಡಲಾರ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಪಕ್ಷಾಂತರ ನಿಷೇಧದ ಅನುಸೂಚಿಯಂತೆ, ಪಕ್ಷದ ವಿಪ್ ಮೀರಿ ಮತ ಕೊಟ್ಟವನು ಸ್ಥಾನವನ್ನೇ ಕಳೆದುಕೊಳ್ಳಬೇಕಾದೀತು. ಹೀಗಿರುವಾಗ ಮಸೂದೆಯನ್ನು ಬಿಡಿಸಿ ನೋಡುವ ಸ್ಥಳವೆಂದರೆ ಸ್ಥಾಯಿ ಸಮಿತಿಗಳೇ. ಅಲ್ಲಿ ಪಕ್ಷದ ಅಂಕೆ ಸಡಿಲ. ತಜ್ಞರನ್ನು ಕರೆಸಬಹುದು, ಬಾಧಿತರ ಅಹವಾಲು ಕೇಳಬಹುದು, ಒಂದೊಂದು ಪದವನ್ನೂ ತೂಗಬಹುದು. ರೈತನಾಗಲಿ ವ್ಯಾಪಾರಿಯಾಗಲಿ ಶಿಕ್ಷಕಿಯಾಗಲಿ, ವಕೀಲನ ಅಭ್ಯಾಸಗಳನ್ನು ಪದವಿಯಿಲ್ಲದೆ ಕಲಿಯಬಹುದಾದ ಪಾಠಶಾಲೆ ಅದು. ಹದಿನೈದನೆಯ ಲೋಕಸಭೆಯ ಕಾಲದಲ್ಲಿ ನೂರಕ್ಕೆ 71ರಷ್ಟು ಮಸೂದೆಗಳು ಸಮಿತಿಗಳಿಗೆ ಹೋದವು. 2019ರಿಂದ 2024ರವರೆಗಿನ ಹದಿನೇಳನೆಯ ಲೋಕಸಭೆಯ ಕಾಲದಲ್ಲಿ ಹೋದವು ನೂರಕ್ಕೆ 16ರಷ್ಟು. ವಕೀಲರ ಸಂಖ್ಯೆ ಇಳಿದುದಕ್ಕಿಂತ ಹೆಚ್ಚಾಗಿ ನಾವು ಚಿಂತಿಸಬೇಕಾದದ್ದು ಈ ಇಳಿತಕ್ಕೆ.

ಉಮೇದುವಾರರು ಮತ ಕೇಳಲು ಬಂದಾಗ ನಮ್ಮ ಊರುಗಳಲ್ಲಿ ರಸ್ತೆ, ನೀರು, ದೀಪಗಳ ಮಾತು ಬರುವುದು ಸಹಜ, ಬರಬೇಕಾದದ್ದೇ. ಅದರ ಜೊತೆಗೆ ಇನ್ನೂ ಒಂದು ಪ್ರಶ್ನೆ ಇರಲಿ. ಕಳೆದ ಐದು ವರ್ಷಗಳಲ್ಲಿ ನೀವು ಮೊದಲಿನಿಂದ ಕೊನೆಯವರೆಗೆ ಓದಿದ ಮಸೂದೆ ಯಾವುದು, ಅದರಲ್ಲಿ ನಮ್ಮ ಗದ್ದೆಗೆ, ಗುಡ್ಡಕ್ಕೆ, ಬೀದಿಗೆ ಸಂಬಂಧಪಟ್ಟ ಯಾವ ಮಾತನ್ನು ತಿದ್ದಿಸಲು ಎದ್ದು ನಿಂತಿರಿ? ಉತ್ತರ ಕೊಡಬಲ್ಲವನು ನೇಗಿಲು ಹಿಡಿದ ಕೈಯವನಾದರೂ ಸರಿ, ಶಾಸನ ಬರೆಯಲು ಯೋಗ್ಯನೇ. ಉತ್ತರ ಕೊಡಲಾರದವನ ಗೋಡೆಯ ಮೇಲೆ ಎಷ್ಟು ಪದವಿಗಳ ಪತ್ರಗಳು ತೂಗಿದ್ದರೇನು!